ಹಿಂದಿನ ಸೀಟಿನಲ್ಲೊಂದು ಬೆರಳು

ಅಂಗಡಿಯಿಂದ,
ಮಾರ್ಚ್ ಹತ್ತು, ಭಾನುವಾರ

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತೀಯೋ, ಇಲ್ಲ ಯಾರಾದರೂ ನೋಡುತ್ತಿದ್ದರೆ ಕೈ ಬಿಟ್ಟು ಧೀರೆಯಾಗುತ್ತೀಯೋ? ಮೊಮ್ಮಗುವಿಗೆ ಹಲ್ಲು ಬರುವ ಹೊತ್ತು, ಮನೆಯಲ್ಲಿ ಯಾರಿಗೂ ನಿದ್ದೆ ಇರಲಾರದು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಇವಳು ನಿನ್ನ ಕೋಣೆಯ ಕಿಟಕಿಯನ್ನು ದಿನವೂ ತೆರೆದು ಮುಚ್ಚುತ್ತಾಳೆ. ಯಾಕೆ ಎಂದರೆ "ಗಾಳಿ ಆಡ್ಲಿ" ಅನ್ನುತ್ತಾಳೆ.

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಬರೆಯಬೇಕು. "ಮಗಳು ಇಲ್ಲೇ ಇದ್ದುಬಿಡು ಅಂತಿದ್ದಾಳೆ, ಅಂಗಡಿ ಒಬ್ಬನೇ ನೋಡ್ಕೋತೀಯಾ?" ಎಂದು ನೀನು ಕೇಳಿದೆ. "ಯೋಚನೆ ಮಾಡಿ ಕಾಗದ ಬರಿ, ಫೋನಲ್ಲಿ ನೀನು ಎಲ್ಲದಕ್ಕೂ ಹೂಂ ಅಂತೀಯ" ಎಂದೂ ಅಂದೆ. ಯೋಚಿಸಿದ್ದನ್ನು ಬರೆಯುವುದಕ್ಕಿಂತ ಈಚೆಗೆ ಮಾಡಿದ ಕೆಲಸವೊಂದನ್ನು ಬರೆಯುವುದು ನನಗೆ ಸುಲಭ. ನಿನಗೇ ಗೊತ್ತಾಗುತ್ತದೆ.

ಪಕ್ಕದ ಬೀದಿಯ ಸಂಗೀತದ ಮೇಷ್ಟ್ರು ತಮ್ಮ ಹಳೆಯ ಕಾರನ್ನು ತಂದಿದ್ದರು. ಬಾಗಿಲುಗಳೇ ತಾಳ ಹಾಕುವ ಕಾರು. ಅದಕ್ಕೆ ಮೂರು ಆಂಪ್ಲಿಫೈಯರ್ ಬೇಕಂತೆ. ಮುಂದಿನ ಸ್ಪೀಕರುಗಳಿಗೊಂದು, ಹಿಂದಿನವಕ್ಕೊಂದು, ಡಿಕ್ಕಿಯಲ್ಲಿಡುವ ಬಾಸ್ ಪೆಟ್ಟಿಗೆಗೊಂದು. ಇಷ್ಟೆಲ್ಲ ಯಾಕೆ ಮೇಷ್ಟ್ರೇ ಎಂದರೆ, "ದಿನಾ ಮನೇಲಿ ಅಪಸ್ವರ ಕೇಳಿ ಸಾಕಾಗಿದೆ ಕಣಪ್ಪಾ. ಕಾರಲ್ಲಾದ್ರೂ ಸರಿಯಾಗಿ ಹಾಡೋರು ಇರ್ಲಿ" ಅಂದರು. ಬ್ಯಾಟರಿಯಿಂದ ಒಂದೇ ದಪ್ಪ ವೈರು ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಕೂರಿಸಿದೆ. ಡಿಕ್ಕಿಯಲ್ಲಿ ಅದನ್ನು ಮೂರು ಕವಲು ಮಾಡಿ, ಕವಲಿಗೊಂದು ಸಣ್ಣ ಫ್ಯೂಸು ಕೊಟ್ಟೆ. ಕರೆಂಟಿನ ವೈರು ಎಡಕ್ಕೆ, ಹಾಡು ಒಯ್ಯುವ ವೈರು ಬಲಕ್ಕೆ. ಎರಡೂ ಒಟ್ಟಿಗೆ ಮಲಗಿದರೆ ಒಂದರ ಗೊಣಗಾಟ ಇನ್ನೊಂದಕ್ಕೆ ಅಂಟುತ್ತದೆ ಎಂದು ಕಲಿಸಿದವಳು ನೀನು. (ಭಾವ ಬದುಕಿದ್ದಾಗ ಅವರ ಗೊರಕೆ ನಿನ್ನ ಕನಸಿನೊಳಗೆ ಬರುತ್ತಿದ್ದ ಹಾಗೆ ಎಂದೂ ಹೇಳಿದ್ದೆ.) ಎರಡು ಆಂಪ್ಲಿಫೈಯರುಗಳ ಅರ್ತ್ ವೈರುಗಳನ್ನು ನಿನ್ನ ಪದ್ಧತಿಯಂತೆ ಒಂದೇ ಕಡೆ, ಬಣ್ಣ ಕೆರೆದ ಬರಿಯ ತಗಡಿಗೆ ಬಿಗಿದೆ. ಮೂರನೆಯದರ ವೈರು ಗೇಣುದ್ದ ಕಡಿಮೆ ಬಿತ್ತು. ಕೈಗೆ ಸಿಕ್ಕ ಸೀಟಿನ ಬೋಲ್ಟಿಗೆ ಅದನ್ನು ಸೇರಿಸಿದೆ. ನೀನಿದ್ದಿದ್ದರೆ "ಬಿಚ್ಚು" ಅನ್ನುತ್ತಿದ್ದೆ, ಅಷ್ಟೇ.

ವೈರುಗಳ ಮೇಲೆ ಕಾರ್ಪೆಟ್ ಹೊದಿಸುವ ಮೊದಲು ನಾವು ಮಾಡುವ ಪರೀಕ್ಷೆಯನ್ನು ಬಿಡಲಿಲ್ಲ. ನೀನಿಲ್ಲವೆಂದು ಇವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಎಂಜಿನ್ ಓಡಿಸಿ, ಹಾಡು ಹಾಕದೆ, ಸ್ಪೀಕರಿನಲ್ಲಿ ಶಿಳ್ಳೆಯಂಥ ಸದ್ದು ಬರುತ್ತಿದ್ದರೆ ಬೆರಳು ಎತ್ತು, ನಿಂತರೆ ಇಳಿಸು ಎಂದೆ. ಎತ್ತಿದಳು. ನಾನು ಡಿಕ್ಕಿಯಲ್ಲಿ ಬಗ್ಗಿ ಒಂದೊಂದೇ ವೈರನ್ನು ಅತ್ತಿತ್ತ ಸರಿಸುತ್ತ ಅವಳ ಬೆರಳನ್ನೇ ನೋಡುತ್ತಿದ್ದೆ. ಬಹಳ ಹೊತ್ತಿನ ಮೇಲೆ ಬೆರಳು ಇಳಿಯಿತು. ಕಾರ್ಪೆಟ್ ಹೊದಿಸಿ ಕಾರು ಕೊಟ್ಟು ಕಳಿಸಿದೆ.

ಮರುದಿನವೇ ಮೇಷ್ಟ್ರು ವಾಪಸ್ಸು ಬಂದರು. "ಹಾಡಿನ ಹಿಂದೆ ಯಾರೋ ಕೂತು ಶಿಳ್ಳೆ ಹಾಕ್ತಾನಪ್ಪಾ. ನಾನು ಜೋರಾಗಿ ಓಡಿಸಿದ್ರೆ ಅವನೂ ಶ್ರುತಿ ಏರಿಸ್ತಾನೆ. ನನ್ನ ಶಿಷ್ಯರಿಗಿಂತ ವಾಸಿ, ಆದ್ರೂ ಇಳಿಸಿಬಿಡು." ಇವಳನ್ನು ಕೇಳಿದೆ, ಬೆರಳು ಯಾಕೆ ಇಳಿಸಿದೆ ಎಂದು. "ಒಲೆ ಮೇಲೆ ಹಾಲಿತ್ತು ಕಣ್ರೀ. ನೀವು ಬಗ್ಗಿದೋರು ಏಳೋ ಹಾಗೇ ಕಾಣ್ಲಿಲ್ಲ." ನಗಬೇಕೋ ಬೇಡವೋ ತಿಳಿಯಲಿಲ್ಲ. ಮೇಷ್ಟ್ರು ನಕ್ಕರು.

ಅವರು ಮಗನ ಊರಿಗೆ ಹೋಗಿಬರುವಷ್ಟರಲ್ಲಿ ಸರಿಮಾಡುತ್ತೇನೆ ಎಂದು ಕಾರು ಇಟ್ಟುಕೊಂಡೆ. ಸೀಟು ಬಿಚ್ಚಿದೆ. ಬೋಲ್ಟಿನ ಕೆಳಗೆ ಬಣ್ಣ ಹಾಗೆಯೇ ಇತ್ತು. ಅದರ ಮೇಲೆ ಕೂತ ಅರ್ತ್ ಹೆಸರಿಗೆ ಮಾತ್ರ ಅರ್ತ್, ಶಿಳ್ಳೆ ಹುಟ್ಟುವುದು ಅಲ್ಲೇ. ಆ ವೈರನ್ನು ಅಲ್ಲಿಂದ ಬಿಚ್ಚಿ, ಆಂಪ್ಲಿಫೈಯರನ್ನೇ ಹತ್ತಿರಕ್ಕೆ ಸರಿಸಿ, ಮೂರರ ಅರ್ತ್ ವೈರುಗಳನ್ನೂ ಬಣ್ಣ ಕೆರೆದ ತಗಡಿನ ಒಂದೇ ಬೋಲ್ಟಿಗೆ ಬಿಗಿದೆ. ಸೀಟು ಮತ್ತೆ ಕೂರಿಸಿ, ಎಂಜಿನ್ ಓಡಿಸಿ ಒಬ್ಬನೇ ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿ ಕೂತದ್ದು ಅದೇ ಮೊದಲು. ಅಲ್ಲಿಂದ ಅಂಗಡಿ ಬೇರೆ ಯಾರದೋ ಅನ್ನಿಸುತ್ತದೆ. ಶಿಳ್ಳೆ ಕೇಳಿಸಲಿಲ್ಲ.

ಹೀಗೆ ಕೆಲಸ ನಡೆಯುತ್ತಿದೆ. ತಪ್ಪಾದರೆ ತಿದ್ದಿಕೊಳ್ಳುತ್ತೇನೆ. ಆದ್ದರಿಂದ ನೀನು ಅಲ್ಲಿ ಇರುವುದಾದರೆ ಇರಬಹುದು, ಅಂಗಡಿಯ ಚಿಂತೆ ಬೇಡ. ಮಗಳಿಗೆ ನಮ್ಮಿಬ್ಬರ ಹಾರೈಕೆ, ಮಗುವಿನ ಕೆನ್ನೆಗೆ ಮಾವ ತಾತನ ಒಂದು ಮುತ್ತು. ಮಂಡಿಗೆ ಬಿಸಿ ನೀರಿನ ಚೀಲ ಇಟ್ಟುಕೋ, ಹಟ ಬೇಡ.

ನಿನ್ನ ತಮ್ಮ,
ಪುಟ್ಟ

ಲಕೋಟೆ ಅಂಟಿಸುವ ಮುಂಚೆ ಇಷ್ಟು: ಶಿಳ್ಳೆ ಮೊದಲೂ ನನಗೆ ಕೇಳಿಸಿರಲಿಲ್ಲ. ವಾಪಸ್ಸು ಬಂದ ದಿನ ಮೇಷ್ಟ್ರು ಪಕ್ಕದಲ್ಲೇ ಕೂತು "ಅಗೋ, ಅಗೋ" ಅನ್ನುತ್ತಿದ್ದಾಗಲೂ ಇಲ್ಲ. ಆಮೇಲೆ ಕಿವಿಯ ಡಾಕ್ಟರು ನೋಡಿದರು, ಸಣ್ಣ ಸದ್ದು ಕೇಳುವ ಶಕ್ತಿ ಎರಡೂ ಕಿವಿಯಲ್ಲಿ ಹೋಗಿದೆ, ಮರಳುವುದಿಲ್ಲ ಅಂದರು. ಯಾವಾಗ ಹೋಯಿತೋ ತಿಳಿಯದು. ನಾನು ಯಾವತ್ತೂ ನಿನ್ನ ಬೆರಳು ನೋಡಿಯೇ ಕೆಲಸ ಮಾಡಿದವನು. ಫೋನಿನಲ್ಲಿ ಹೂಂ ಅನ್ನುವುದೂ ಅದಕ್ಕೇ. ಇವಳಿಗೆ ಹೇಳಿಲ್ಲ. ಮತ್ತೆ ಅವಳನ್ನೇ ಕೂರಿಸೋಣವೆಂದರೆ ಅವಳ ಬೆರಳಿಗೆ ಹಾಲಿನದೇ ಚಿಂತೆ. ಮೂರು ಆಂಪ್ಲಿಫೈಯರ್ ಬಿಗಿದಾಗಿದೆ, ಶಿಳ್ಳೆ ಹೋಗಿದೆಯೋ ಇಲ್ಲವೋ ಗೊತ್ತಿಲ್ಲ. ಕಾರ್ಪೆಟ್ ಸುತ್ತಿ ನಿನ್ನ ಸ್ಟೂಲಿನ ಮೇಲೆ ಇಟ್ಟಿದ್ದೇನೆ. ಮೇಷ್ಟ್ರು ಇನ್ನೂ ಬಂದಿಲ್ಲ. ಅವರಿಗಿಂತ ಮೊದಲು ಬಾ.