ತಂತಿಯ ಮೇಲಿನ ಹಳದಿ ಫ್ರಾಕು

ಜನವರಿ 12, ಭಾನುವಾರ

ಒಗೆದೆ. ಮಗಳು ಲುಬುಟೋಳ ಹಳದಿ ಫ್ರಾಕು, ಎರಡು ಜೊತೆ ಕಾಲುಚೀಲ, ಶಾಲೆಯ ಸ್ವೆಟರು. ಗೇಟಿಗೆ ಕಾಣುವ ತಂತಿಗೇ ಹಾಕಿದೆ. ಚರ್ಚು ಬಿಡುವ ಹೊತ್ತಿಗೆ ಮನೆ ಒಡತಿ ಬನಾ ಕಪೆಂಬ್ವ ಈ ದಾರಿಯಲ್ಲೇ ಬರುತ್ತಾರೆ. ಬಂದರು. ಗೇಟಿನಾಚೆಯಿಂದಲೇ —

"ಲುಬುಟೋ ಅಪ್ಪಾ, ಎಲ್ರೂ ಆರಾಮಾ?"

"ಆರಾಮ ಅಮ್ಮಾ. ಮಗು ಮಲಗಿದೆ."

ಸುಳ್ಳು ಸಲೀಸಾಗಿ ಬಂತು. ಹೆಂಡತಿ ಪ್ರಿಸ್ಕಾ ಮಗಳನ್ನು ಕರೆದುಕೊಂಡು ಕಿಟ್ವೆಯ ತವರಿಗೆ ಹೋಗಿ ತಿಂಗಳಾಯಿತು. ಜಗಳವೇನಿಲ್ಲ. "ನಿನ್ ಜೊತೆ ಇದ್ರೂ ಒಂದೇ, ಗೋಡೆ ಜೊತೆ ಇದ್ರೂ ಒಂದೇ" ಅಂದಳು, ಅಷ್ಟೆ. ಇರಬಹುದು.

ಜನವರಿ 14

"ಸಂಸಾರಸ್ಥರಿಗೆ ಮಾತ್ರ" ಎಂದು ಒಡತಿ ಗೇಟಿನ ಮೇಲೇ ಬರೆಸಿದ್ದಾರೆ. ಹಿಂದಿನ ಬೀದಿಯ ಅವರ ಇನ್ನೊಂದು ಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಒಂಟಿಯಾದ. ವಾರದೊಳಗೆ ಗಂಟುಮೂಟೆ ಕಟ್ಟಿಸಿದರು. ನನಗೆ ಎಲ್ಲಾದರೂ ಒಂದು ಕೋಣೆ ಸಾಕು. ಆದರೆ ಲುಬುಟೋಗೆ ಗೊತ್ತಿರುವುದು ಈ ಗೇಟೊಂದೇ. ಬಂದರೆ ಇಲ್ಲಿಗೇ ಬರಬೇಕು.

ನ್ಶಿಮಾ ಮುದ್ದೆ ಇವತ್ತೂ ಮೂವರಿಗಾಗುವಷ್ಟು ತಿರುವಿದೆ. ಕೈ ಮಾತು ಕೇಳುವುದಿಲ್ಲ.

ಫೆಬ್ರವರಿ 2, ಭಾನುವಾರ

ಒಗೆದೆ. ಹಾಕಿದೆ. ಮಳೆ. ಒಳಗೆ ತಂದೆ. ಮತ್ತೆ ಹಾಕಿದೆ.

ಪ್ರಿಸ್ಕಾ ಬಿತ್ತಿಹೋದ ಮೆಕ್ಕೆಜೋಳ ಕಿಟಕಿ ಮುಟ್ಟಿದೆ. ನೋಡಿದೆ. ಏನೂ ಅನ್ನಿಸಲಿಲ್ಲ.

ಫೋನು ಬಂತು. "ಅಪ್ಪಾ, ನನ್ ಹಲ್ಲು ಬಿತ್ತು!" ಹೌದಾ ಅಂದೆ. ಆಮೇಲೆ ಏನು ಹೇಳಬೇಕಿತ್ತೋ…

ಮಾರ್ಚ್ 9, ಭಾನುವಾರ

ಬನಾ ಕಪೆಂಬ್ವ ಇವತ್ತು ಗೇಟು ತಳ್ಳಿಕೊಂಡು ಒಳಗೇ ಬಂದರು. ಸೀದಾ ತಂತಿಯ ಹತ್ತಿರ. ಫ್ರಾಕಿನ ಅಂಚು ಹಿಡಿದು ನೋಡಿದರು.

"ವಾರವಾರ ಇದೇ ಫ್ರಾಕು. ಒಂದು ಕೆಸರಿನ ಕಲೆ ಇಲ್ಲ, ಮಾವಿನಹಣ್ಣಿನ ಕಲೆ ಇಲ್ಲ. ಆರು ಹೆತ್ತೋಳು ಕಣಪ್ಪಾ ನಾನು. ಯಾರಿಗೆ ಮಂಕುಬೂದಿ ಎರಚ್ತೀಯ?"

ಕೇಳಿದೆ — "ಮನೆ ಬಿಡ್ಬೇಕಾ ಅಮ್ಮಾ?"

ಅವರು ಜೋಳದ ಕಡೆ ನೋಡುತ್ತಿದ್ದರು.

"ಹೆಂಡ್ತಿ ಬಿತ್ತಿದ್ದಾ?"

"ಹೂಂ."

"ಬಿತ್ತಿದೋಳೇ ಬಂದು ಮುರೀಲಿ. ತೆನೆ ಒಣಗೋವರ್ಗೂ ಇರು. ಆಮೇಲೂ ಬರ್ಲಿಲ್ಲ ಅಂದ್ರೆ ಬೀಗದ ಕೈ ತಂದ್ಕೊಡು." ಗೇಟಿನ ಹತ್ತಿರ ತಿರುಗಿದರು. "ಆ ಫ್ರಾಕು ಒಗಿಯೋದು ನಿಲ್ಸು ಮಾರಾಯ. ಬಣ್ಣ ಎಲ್ಲಾ ಹೋಗಿದೆ."

ಅದೇ ದಿನ, ಸಂಜೆ

ಬಟ್ಟೆ ಒಳಗೆ ತಂದೆ. ಇನ್ನು ತಂತಿಗೆ ಹಾಕಬೇಕಿಲ್ಲ. ಮಡಿಸುತ್ತಾ ಸುಮ್ಮನೆ ಮೂಗಿಗೆ ಹಿಡಿದೆ.

ಸಾಬೂನು.

ಸ್ವೆಟರು — ಸಾಬೂನು. ಕಾಲುಚೀಲ ಕೂಡ. ಅವಳ ತಲೆಯೆಣ್ಣೆ, ಜೇಬಿನಲ್ಲಿಟ್ಟುಕೊಂಡು ತಿನ್ನುತ್ತಿದ್ದ ಕಡಲೆಬೀಜ, ಬೆವರು — ಎಲ್ಲದರ ವಾಸನೆ ಇತ್ತು ಇದರಲ್ಲಿ. ಹೋಗುವಾಗ ಬಿಟ್ಟುಹೋಗಿದ್ದಳು. ಮನೆ ಉಳಿಸುತ್ತೇನೆಂದು ನಾನೇ ವಾರವಾರ ಉಜ್ಜಿ ಉಜ್ಜಿ…

ಅಳು ಬಂತು. ಎಷ್ಟೋ ದಿನಕ್ಕೆ.

ಪ್ರಿಸ್ಕಾಗೆ ಫೋನು ಮಾಡುತ್ತೇನೆ. ಮಗಳದ್ದೊಂದು ಒಗೆಯದ ಬಟ್ಟೆ ಕಳಿಸು ಅಂತ. ಅಲ್ಲ, ಬಾ ಅಂತ. ಜೋಳ ಬಲಿತಿದೆ ಅಂತ. ಮೊದಲು ಹಲ್ಲಿನ ಬಗ್ಗೆ ಕೇಳಬೇಕು, ಯಾವ ಹಲ್ಲು, ಎಲ್ಲಿ ಬಿತ್ತು…