ಬಾಟಲಿ ನೆನೆಹಾಕುವ ತೊಟ್ಟಿ

ಮಾರ್ಚ್ ೧೪, ಗುರುವಾರ

"ತಂಗೀ, ನಿನ್ನ ಮಂಡಿ ನೋವು ಹೇಗಿದೆ, ನಿಮ್ಮನೆಯವರ ಕೆಮ್ಮು ಇಳಿಯಿತೇ" ಎಂದು ಕಾಗದ ಶುರುಮಾಡಿದ್ದೆ. ಅಂಗೈ ಬೆವರಿಗೆ ಕಾಗದವೇ ಅಂಟಿಕೊಂಡು ಹರಿಯಿತು. ಥೂ! ಇವತ್ತಿನದನ್ನು ಅವಳಿಗೆ ಬರೆಯುವುದೂ ಬೇಡ, ಪೆನ್ಸಿಲ್ ಹಿಡಿದು ಇಲ್ಲೇ ಗೀಚಿಬಿಡುತ್ತೇನೆ.

ಹಳೇ ಬಾಟಲಿಗಳನ್ನು ತೊಟ್ಟಿಯಲ್ಲಿ ನೆನೆಹಾಕಿ ಲೇಬಲ್ ಕೀಳುವ ಕೆಲಸ ಸಿಕ್ಕಿ ಮೂರು ವಾರವಾಯಿತು. ನೀರಿಗೆ ಕೊಳೆತ ಅಂಟಿನ ನಾತ, ತಳದಲ್ಲಿ ಲೋಳೆ. ಊಟಕ್ಕೆ ಕೂತರೂ ಮೂಗು ಬಿಡುವುದಿಲ್ಲ. ಆದರೆ ಅಲ್ಲಿ ದಿನವಿಡೀ ಎಲ್ಲರ ಕೈಯೂ ಒದ್ದೆ, ನನ್ನದನ್ನು ಯಾರು ನೋಡುತ್ತಾರೆ? ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕಲೆಯಾಯಿತೆಂದು ಕೆಲಸ ಬಿಡಿಸಿದರು, ಔಷಧಿ ಅಂಗಡಿಯಲ್ಲಿ ಪೊಟ್ಟಣ ತೊಯ್ಯಿತೆಂದು. ಇಲ್ಲಿ ಪಕ್ಕದ ತೊಟ್ಟಿಯವಳಿಗೆ ಮಾತ್ರ ಗೊತ್ತು. "ಅಕ್ಕಾ, ನಿಮ್ಮ ಕೈಗೆ ನಲ್ಲಿ ಹಾಕ್ಸಿದ್ದು ಯಾರು?" ಎಂದು ನಗುತ್ತಾಳೆ. ನಾನೂ ನಗುತ್ತೇನೆ.

ಇವತ್ತು ಯಜಮಾನ ಬಂದು, "ಅಮ್ಮಾ, ದೊಡ್ಡೋರು ನೀವು, ಈ ಗಬ್ಬಲ್ಲಿ ಯಾಕೆ? ಒಳಗೆ ಫ್ಯಾನ್ ಕೆಳಗೆ ಕೂತು ಹೊಸ ಲೇಬಲ್ ಅಂಟಿಸಿ" ಎಂದ. ಬೇಡವೆಂದರೂ ಬಿಡಲಿಲ್ಲ. ಮೂರನೇ ಬಾಟಲಿಗೇ ಲೇಬಲ್ಲಿನ ಶಾಯಿ ಕದಡಿಹೋಯಿತು. ವಿಧಿಯಿಲ್ಲದೆ ಅಂಗೈ ತೋರಿಸಿದೆ. ಅವನು ಹಿಂದೆ ಸರಿದ. ನಾನು ಮುಟ್ಟಿದ ಮೇಜನ್ನು ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೇ ಕಸಕ್ಕೆ ಎಸೆದ.

"ಹೋಗಿ, ತೊಟ್ಟಿಗೇ ಹೋಗಿ."

ಕೆಲಸ ಉಳಿಯಿತಲ್ಲ ಎಂದು ಹೋದ ಜೀವ ಬಂದಂತಾಯಿತು. "ದೊಡ್ಡ ಉಪಕಾರ ಆಯ್ತಪ್ಪಾ" ಎಂದುಬಿಟ್ಟೆ. ಅವನು ಆ ಬಟ್ಟೆ ಎಸೆದದ್ದನ್ನು ಕಣ್ಣಾರೆ ನೋಡಿಯೂ ಎಂದೆ. ಸೋಪು ಹಚ್ಚಿದರೆ ತೊಟ್ಟಿಯ ನಾತವಾದರೂ ಹೋಗುತ್ತದೆ. ಹಾಗೆ ಅವನೆದುರು ಹಲ್ಲು ಕಿರಿದು, ಕೈ ಮುಗಿದು ನಿಂತದ್ದು ಮಾತ್ರ ಯಾವ ಸೋಪಿಗೂ ಹೋಗುವುದಿಲ್ಲ.