ಸುಮಾತ್ರದ ಬಟ್ಟಲು

ಹನ್ನೆರಡನೇ ತಾರೀಕು, ಗುರುವಾರ.

ಭಾವನ ಮುಖ ಇನ್ನೂ ಕಣ್ಣ ಮುಂದಿದೆ. ನಿದ್ದೆ ಬರುತ್ತಿಲ್ಲ. ಬರುವುದೂ ಬೇಡ.

ನಮ್ಮ ಚಹಾ ಮಂಡಿಯಲ್ಲಿ ರುಚಿ ಹೇಳುವವರು ನನ್ನ ಗಂಡನ ಅಣ್ಣ ಎಂದೇ ಎಲ್ಲರೂ ತಿಳಿದಿದ್ದಾರೆ. ಮೊದಲು ಹೀರಿ ಉಗಿಯುವವಳು ನಾನು. ನನ್ನ ಮುಖ ಅರಳಿತೋ ಸಿಂಡರಿಸಿತೋ ಎಂದು ಓರೆಗಣ್ಣಿನಲ್ಲಿ ನೋಡಿಕೊಂಡೇ ಅವರು ಬಾಯಿ ತೆರೆಯುವುದು. ನಾನಾಗಿ ಹೇಳಹೋದರೆ ಗಿರಾಕಿಗಳ ಎದುರೇ, "ಮನೆ ಹೆಂಗಸ್ರಿಗೆ ಇದೆಲ್ಲ ಏನ್ ಗೊತ್ತಾಗತ್ತೆ, ಸುಮ್ನಿರಮ್ಮ." ಮದುವೆಯಾಗಿ ಬಂದಾಗಿನಿಂದ ಇದೇ ಮಾತು.

ಇವತ್ತು ಇಂಡೋನೇಷ್ಯಾದ ಚಹಾ. ಜಾವಾದ್ದು ತಿಳಿಗೆಂಪು, ನಾಲಿಗೆಗೆ ಹಗುರ, ಉಗಿದ ಮೇಲೂ ಒಂದಿಷ್ಟು ಸಿಹಿ. ಮುಖ ಕಲ್ಲು ಮಾಡಿಕೊಂಡೆ. ಭಾವ "ಸಪ್ಪೆ" ಎಂದರು. ಸುಮಾತ್ರದ್ದು ಮುಗ್ಗಲು ಹಿಡಿದಿತ್ತು. ಬಾಯಿಗಿಟ್ಟೊಡನೆ ತಿಳಿಯಿತು. ಕಣ್ಣು ಮುಚ್ಚಿ ಮೆಲ್ಲಗೆ ನಕ್ಕೆ.

"ಆಹಾ, ಕಾಡಿನ ಪರಿಮಳ," ಎಂದರು ಭಾವ.

ಕೊಳ್ಳಲು ಬಂದಿದ್ದ ಸಗಟು ವ್ಯಾಪಾರಿ ಒಂದು ಗುಟುಕು ಹೀರಿ ಉಗಿದು ಬಾಯಿ ಒರೆಸಿಕೊಂಡ. "ಕಾಡಲ್ಲ ಸ್ವಾಮಿ, ಒದ್ದೆ ಗೋಣಿಚೀಲ. ನಾಲಿಗೆ ಎಲ್ಲಿಟ್ಟು ಬಂದ್ರಿ?"

ಭಾವ ನನ್ನತ್ತ ತಿರುಗಿದರು. "ನಿಂಗೆ ಗೊತ್ತಾಗ್ಲಿಲ್ವಾ?"

"ಮನೆ ಹೆಂಗಸ್ರಿಗೆ ಏನ್ ಗೊತ್ತಾಗತ್ತೆ ಭಾವ," ಅಂದೆ.

ಹೊಟ್ಟೆಗೆ ಹಾಲೆರೆದ ಹಾಗಾಯಿತು. ಆದರೂ ಸಾಲದು. ಅವರು ಸಪ್ಪೆ ಎಂದ ಜಾವಾ ಎಲೆಯನ್ನು ಮನೆಗೆ ತಂದು, ಈಗ ಒಬ್ಬಳೇ ಕುಡಿಯುತ್ತಿದ್ದೇನೆ. ಎಂಥ ಚಹಾ.

ನಾಳೆಯಿಂದ ನನ್ನ ಮುಖವನ್ನೇ ನೋಡುವುದಿಲ್ಲ ಎಂದು ಭಾವ ಓರಗಿತ್ತಿಯ ಹತ್ತಿರ ಹೇಳಿದರಂತೆ. ಒಳ್ಳೆಯದೇ ಆಯಿತು. ನೋಡದೆ ಯಾವ ಬಟ್ಟಲಿಗೆ ಏನು ಹೇಳುತ್ತಾರೆ, ನಾನೂ ನೋಡುತ್ತೇನೆ.